ಇಲಿಯ ಕಂಪನಿಯ ಗುಟ್ಟುಗಳೂ ನಮ್ಮ ಜೋಡಿ ಮರಿಗಳೂ

ಕಣ್ಣಿಗೆ ಬೀಳಬಾರದೆಂದೇ ತಯಾರಿಸಿದ ಒಂದು ಹಸಿರು ಬಣ್ಣವಿದೆಯಂತೆ. ಇಲಿಯ ಚಿತ್ರ ಬರೆದು ಜಗತ್ತನ್ನೇ ಗೆದ್ದ ಆ ದೊಡ್ಡ ಕಾರ್ಟೂನ್ ಕಂಪನಿ ತನ್ನ ಪಾರ್ಕುಗಳಲ್ಲಿ ಕಸದ ಕೋಣೆಗೆ, ಕರೆಂಟಿನ ಡಬ್ಬಿಗೆ, ನೌಕರರು ಓಡಾಡುವ ಬಾಗಿಲಿಗೆ ಅದನ್ನೇ ಬಳಿಯುತ್ತದಂತೆ. ನೋಡುವವರ ಕಣ್ಣು ಅದರ ಮೇಲೆ ಹಾಯ್ದು ಮುಂದೆ ಹೋಗುತ್ತದೆ, ಅಲ್ಲೊಂದು ಬಾಗಿಲಿದೆ ಎಂದು ಹೊಳೆಯುವುದೇ ಇಲ್ಲ. ಇದನ್ನು ನನಗೆ ಹೇಳಿದವನು ಜಹೀರಾಬಾದಿನ ಹೊರಗೆ ಹೈವೇ ಪಕ್ಕದಲ್ಲಿ ಪಾರ್ಕು ತೆರೆದ ನಮ್ಮ ಸಾಹುಕಾರ. ಹೇಳಿ ಸುಮ್ಮನಾಗಲಿಲ್ಲ. ಪಾರ್ಕಿನ ಹಿಂದೆ ಕೆಲಸದವರಿಗೆಂದು ಇದ್ದ ಒಂದೇ ಒಂದು ಪಾಯಖಾನೆಯ ತಗಡಿಗೆ ಹಸಿರು ಹೊಡೆಸಿದ. ಅದು ಯಾರ ಕಣ್ಣಿಗೂ ಬೀಳದ ಹಸಿರಲ್ಲ, ಅಪ್ಪಟ ಗಿಳಿಹಸಿರು. ಹೈವೇ ಮೇಲೆ ಹೋಗುವ ಲಾರಿಯವನಿಗೂ ಕಾಣುತ್ತಿತ್ತು. ಬಾಗಿಲಿಗೆ ಚಿಲಕ ಮಾತ್ರ ಹಾಕಿಸಲಿಲ್ಲ. ಒಳಗೆ ಹೋದವಳು ಒಂದು ಕೈಯಲ್ಲಿ ತಗಡು ಹಿಡಿದುಕೊಂಡೇ ಕೂರಬೇಕಿತ್ತು.

ಸಿಟ್ಟು ಒಳ್ಳೆಯದಲ್ಲ ಎನ್ನುತ್ತಾರೆ. ಹೇಳುವವರಿಗೇನು, ಅವರ ಮನೆಯ ಬಾಗಿಲಿಗೆ ಚಿಲಕವಿದೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಾನು ಹುಟ್ಟಿದ್ದು ನಾರಾಯಣಖೇಡ ಕಡೆಯ ಒಂದು ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಗಡಿಯಾಚೆ ಕನ್ನಡ ಸೀಮೆಯ ಸೋದರಮಾವನ ಮನೆಯಲ್ಲಿದ್ದು ಕನ್ನಡ ಓದಿದೆ. ಆಮೇಲೆ ಜಹೀರಾಬಾದಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆ. ಶಾಲೆ ಮುಚ್ಚಿತು. ಪಾರ್ಕಿನಲ್ಲಿ ಮಕ್ಕಳ ಜೊತೆ ಇರುವ ಕೆಲಸವಿದೆ ಎಂದು ಯಾರೋ ಹೇಳಿದರು. ಹೋದೆ. ಸಾಹುಕಾರ ನನ್ನ ಓದು ಕೇಳಲಿಲ್ಲ, ಎತ್ತರ ನೋಡಿದ. ನೋಡಿ ಕೈಗೊಂದು ತಲೆ ಕೊಟ್ಟ.

ಸ್ಪಂಜು, ಮಖಮಲ್ಲು, ಅಂಟು ಸೇರಿಸಿ ಮಾಡಿದ ವೇಷದ ತಲೆ. ಮೊದಲು ಅದನ್ನು ಇಲಿಯೆಂದೇ ಮಾಡಿಸಿದ್ದನಂತೆ. ಆ ಕಂಪನಿ ತನ್ನ ಚಿತ್ರ ಕದ್ದವರನ್ನು ಕೋರ್ಟಿಗೆ ಎಳೆಯದೆ ಬಿಡುವುದಿಲ್ಲ ಎಂದು ಯಾರೋ ಹೆದರಿಸಿದ ಮೇಲೆ ದುಂಡು ಕಿವಿ ಕತ್ತರಿಸಿ ಚೂಪು ಮಾಡಿಸಿದ. ಈಗ ಅದು ಬೆಕ್ಕೂ ಅಲ್ಲ, ಇಲಿಯೂ ಅಲ್ಲ. ಕತ್ತೆ ಎನ್ನೋಣವೆಂದರೆ ಕತ್ತೆಗೆ ಒಂದು ಮರ್ಯಾದೆಯಿದೆ. ಬಾಯಿಯ ಜಾಗದಲ್ಲಿ ಕಪ್ಪು ಜಾಳಿಗೆ, ಅದರಲ್ಲೇ ಉಸಿರು, ಅದರಲ್ಲೇ ನೋಟ. ಕೈಗೆ ಬಿಳಿ ಗವಸು. ಗವಸಿಗೆ ನಾಲ್ಕೇ ಬೆರಳು.

"ಇದಕ್ಕ ನಾಕೇ ಬೆರಳವಲ್ರಿ?" ಎಂದು ಕೇಳಿದೆ.

"ಆ ಕಂಪನಿ ಚಿತ್ರದಾಗ ಎಲ್ಲಾಕೂ ನಾಕೇ ಬೆರಳು ಅಕ್ಕಾ. ಒಂದು ಬೆರಳು ಕಮ್ಮಿ ಬರದ್ರ ಎಷ್ಟು ಕೆಲಸ ಉಳೀತದ ನೋಡು! ಸಾವಿರಾರು ಚಿತ್ರ ಬರೀಬೇಕಲ್ಲ ಅವ್ರು," ಎಂದ ಸಾಹುಕಾರ. ಆ ಉಪಾಯ ತನ್ನ ತಲೆಯಲ್ಲೇ ಹುಟ್ಟಿದ್ದೇನೋ ಎಂಬಷ್ಟು ಹೆಮ್ಮೆ ಮುಖದಲ್ಲಿ.

ಚಿತ್ರ ಬರೆಯುವವರಿಗೆ ಕೆಲಸ ಉಳಿಯಿತು, ಸರಿ. ನನ್ನ ಐದನೆಯ ಬೆರಳು ಎಲ್ಲಿಡಲಿ? ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಒಂದೇ ತೂತಿಗೆ ತುರುಕಿಕೊಂಡು ದಿನವೆಲ್ಲ ನಿಲ್ಲುತ್ತಿದ್ದೆ. ಸಂಜೆ ತೆಗೆದರೆ ಎರಡೂ ಬೆವರಿಗೆ ಬಿಳಿಚಿ ಒಂದಕ್ಕೊಂದು ಅಂಟಿರುತ್ತಿದ್ದವು.

ಸಾಹುಕಾರ ತಾಂಡೂರಿನವನು. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರದಲ್ಲಿ ಗಳಿಸಿ, ಒಮ್ಮೆ ಹೊರದೇಶದ ಆ ಪಾರ್ಕು ನೋಡಿ ಬಂದವನು. ಬಂದ ಮೇಲೆ ಮೊಬೈಲಿನಲ್ಲಿ ಅದರ ಗುಟ್ಟುಗಳ ವಿಡಿಯೋ ನೋಡುವುದೇ ಅವನ ಸಂಧ್ಯಾವಂದನೆ. ಬೆಳಿಗ್ಗೆ ಗೇಟು ತೆಗೆಯುವ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದು ಗುಟ್ಟು ಹೇಳುತ್ತಿದ್ದ. ಅದು ಮಧ್ಯಾಹ್ನದೊಳಗೆ ನಮ್ಮ ಬೆನ್ನಿಗೆ ಬೀಳುತ್ತಿತ್ತು.

ಅಲ್ಲಿನ ಕೋಟೆಯ ಮೇಲಂತಸ್ತಿನ ಕಲ್ಲು, ಕಿಟಕಿ ಎಲ್ಲ ಬೇಕೆಂದೇ ಚಿಕ್ಕದಂತೆ. ಕೆಳಗೆ ನಿಂತವರಿಗೆ ಕೋಟೆ ಇದ್ದದ್ದಕ್ಕಿಂತ ಎತ್ತರ ಕಾಣಲಿ ಎಂದು. ಇವನೂ ತಾಂಡೂರಿನ ಕಲ್ಲು ತರಿಸಿ ಕೆಳಗೆ ದೊಡ್ಡದು, ಮೇಲೆ ಸಣ್ಣದು ಜೋಡಿಸಿದ. ಬಸ್ಸಿನಿಂದ ನೋಡಿದರೆ ಅರಮನೆ, ಹತ್ತಿರ ಬಂದರೆ ದನದ ಕೊಟ್ಟಿಗೆಗಿಂತ ಒಂದು ಮೊಳ ಹೆಚ್ಚು. ಅಲ್ಲಿ ಕೆಲಸದವರು ಯಾರ ಕಣ್ಣಿಗೂ ಬೀಳದೆ ಓಡಾಡಲು ನೆಲದ ಕೆಳಗೆ ಹಾದಿಗಳಿವೆಯಂತೆ. ಇವನಿಗೆ ನೆಲ ಅಗೆಸುವ ಧೈರ್ಯವಿಲ್ಲ. ನಮ್ಮನ್ನು ಪಾರ್ಕಿನ ಹಿಂದಿನ ಜಾಲಿಕಂಟಿಯೊಳಗೆ ಮೋರಿಯ ದಂಡೆ ಹಿಡಿದು ಓಡಾಡಲು ಹಚ್ಚಿದ. ಅಲ್ಲಿ ಚ್ಯೂಯಿಂಗ್ ಗಮ್ ಮಾರುವುದಿಲ್ಲವಂತೆ, ನೆಲಕ್ಕೆ ಅಂಟುತ್ತದೆ ಎಂದು. ಇವನು ಇಲ್ಲಿ ಗಮ್ ನಿಷೇಧಿಸಿ, ಗುಟ್ಕಾ ಜಗಿಯುತ್ತಲೇ ಆ ಮಾತು ಹೇಳಿ, ಕೋಟೆಯ ಗೋಡೆಗೆ ಉಗುಳಿದ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ಅಲ್ಲಿ ಕೆಲಸದವರನ್ನು ಕೆಲಸದವರು ಎನ್ನುವುದಿಲ್ಲ, ನಾಟಕದ ಪಾತ್ರಧಾರಿಗಳನ್ನು ಕರೆಯುವ ಹಾಗೆ ಕರೆಯುತ್ತಾರಂತೆ. ಅಂದಿನಿಂದ ನಾವೆಲ್ಲ "ಕಲಾವಿದರು". ಕಲಾವಿದರಿಗೆ ಕುಡಿಯಲು ಒಂದೇ ಕೊಡ ನೀರು, ಅದೂ ಬಿಸಿಲಲ್ಲಿ.

ಅವನ ಗುಟ್ಟುಗಳಲ್ಲಿ ನನಗೆ ಹಿಡಿಸಿದ್ದು ಒಂದೇ. ಇಲಿಯ ಹೆಸರಿನಲ್ಲಿ ಬಾಳುವ ಆ ಪಾರ್ಕಿನೊಳಗೆ ನಿಜವಾದ ಇಲಿಗಳನ್ನು ಹಿಡಿಯಲು ಬೆಕ್ಕುಗಳಿವೆಯಂತೆ, ಜನ ಹೋದ ಮೇಲೆ ಅವು ಬೇಟೆಗೆ ಇಳಿಯುತ್ತವಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತಲೆಯೊಳಗೆ ಒಬ್ಬಳೇ ನಕ್ಕೆ. ಹೊರಗೆ ಯಾರಿಗೂ ಕೇಳಲಿಲ್ಲ. ಕೇಳಲೂ ಬಾರದು: ವೇಷದೊಳಗಿನವರು ಮಾತಾಡಬಾರದು, ಮಕ್ಕಳೆದುರು ತಲೆ ತೆಗೆಯಬಾರದು ಎಂಬುದು ಅಲ್ಲಿಯ ದೊಡ್ಡ ನಿಯಮ. ಅಲ್ಲಿ ವೇಷದವರಿಗೆ ಆಗಾಗ ವಿಶ್ರಾಂತಿಯಿದೆಯೋ ಇಲ್ಲವೋ ಎಂಬ ವಿಡಿಯೋವನ್ನು ಮಾತ್ರ ಇವನು ನೋಡಿರಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ಮಂದೆ ಹೊಡೆದುಕೊಂಡು ಜಹೀರಾಬಾದಿನ ಹತ್ತಿರಕ್ಕೇ ಬಂದಿದ್ದ. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ; ರೈತರು ಕರೆದ ಹೊಲಕ್ಕೆ ಹೋಗಿ ಬಲೆ ಕಟ್ಟಿ ಹಟ್ಟಿ ಹಾಕುವುದು ನಮ್ಮವರ ಪದ್ಧತಿ. ಪಾರ್ಕಿನ ಆಚೆ ಎರಡು ಹೊಲ ದಾಟಿದರೆ ಅಪ್ಪನ ಹಟ್ಟಿ. ಮಂದೆಯಲ್ಲಿ ಒಂದು ಕುರಿ ಆಗ ಜೋಡಿ ಮರಿ ಹಾಕಿತ್ತು. ಅವ್ವ ಸಾಯುವ ಮುಂಚೆ ತನ್ನ ಕೈಯಾರೆ ಹಾಲು ಕುಡಿಸಿ ಬದುಕಿಸಿದ ಕುರಿಯ ಮಗಳು ಅದು. ಬಹಳ ದಿನ ಗಬ್ಬವಾಗದೆ ಉಳಿದಿತ್ತು. ಬೇರೆ ಯಾರಾದರೂ ಕಟುಕನಿಗೆ ಕೊಡುತ್ತಿದ್ದರು, ಅಪ್ಪ ಕೊಟ್ಟಿರಲಿಲ್ಲ. ಈಗ ಒಂದು ಹೆಣ್ಣು, ಒಂದು ಗಂಡು. ಎರಡೂ ಕರಿ, ಹಣೆಯ ಮೇಲೆ ಬಿಳಿ. ಅವ್ವನ ಕುರಿಯ ಪೀಳಿಗೆ ಮುಂದುವರಿಯಬೇಕಾದರೆ ಇವೇ ಎರಡು. ಅಪ್ಪ ಅವುಗಳ ಸುದ್ದಿ ಹೇಳುವಾಗ ದನಿ ಸಣ್ಣದು ಮಾಡುತ್ತಿದ್ದ, ದೃಷ್ಟಿಯಾದೀತು ಎಂಬಂತೆ.

ಈ ಸುದ್ದಿ ಸಾಹುಕಾರನ ಕಿವಿಗೆ ಹೇಗೆ ಬಿತ್ತೋ. "ನಿಮ್ಮಪ್ಪಂದು ಕುರಿ ಅವ ಅಂತಲ್ಲ ಅಕ್ಕಾ? ಜೋಡಿ ಮರಿ ತರಸು. ಪೋರಗೋಳು ಎತ್ಕೊಂಡು ಫೋಟೋ ತಗಸ್ಕೋತಾವ. ಮುಂಜಾನಿ ತಂದು ಸಂಜೀಕ ಒಯ್ಲಿ," ಎಂದ.

ನಾನು ಅಪ್ಪನಿಗೆ ಬೇಡವೆಂದೇ ಹೇಳಿದೆ. ಅಪ್ಪ ಒಪ್ಪಿದ್ದು ನನ್ನ ಕೆಲಸಕ್ಕಾಗಿ. "ಮಾತು ಮೀರಿದ್ರ ನಿನ್ನ ಮ್ಯಾಲ ಸಿಟ್ಟು ಮಾಡ್ತಾನ. ಹೆಂಗೂ ತಾಯಿ ಮೇಯಾಕ ಹೋದ ಮ್ಯಾಲ ಮರಿ ಸಂಜಿ ತನಕ ಹಟ್ಟ್ಯಾಗೇ ಇರ್ತಾವ ಯವ್ವಾ. ಇಲ್ಲಿರೋದು ಅಲ್ಲಿರ್ತಾವ, ಅಷ್ಟೇ ಅಲ್ಲ?" ಎಂದ. ಅವನ ಲೆಕ್ಕ ತಪ್ಪಲ್ಲ. ಎಳೆ ಮರಿ ಮಂದೆಯ ಹಿಂದೆ ಹೋಗುವುದಿಲ್ಲ; ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು, ನಡುವೆಲ್ಲ ನಿದ್ದೆ.

ಮರಿಗಳನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಂದ ಅಪ್ಪನನ್ನು ಗೇಟಿನೊಳಗೆ ಬಿಡಲಿಲ್ಲ. ಅದೂ ಒಂದು ಗುಟ್ಟು: ಆ ದೊಡ್ಡ ಪಾರ್ಕಿನೊಳಗೆ ನಿಂತವರಿಗೆ ಹೊರಗಿನ ಊರು ಕಾಣಬಾರದೆಂದು ಸುತ್ತ ಮಣ್ಣಿನ ದಿಬ್ಬ ಹಾಕಿ ಮರ ಬೆಳೆಸಿದ್ದಾರಂತೆ. "ಕಂಬಳಿ, ಬಡಿಗಿ ಹಿಡ್ಕೊಂಡು ಒಳಗ ಬಂದ್ರ ಥೀಮ್ ಕೆಡ್ತದ ತಾತಾ, ಹಿಂದ ಬಾ," ಎಂದ ಸಾಹುಕಾರ. ನಾನಾಗ ತಲೆ ಹಾಕಿಕೊಂಡು ಗೇಟಿನ ಒಳಗೆ ನಿಂತಿದ್ದೆ. ನನ್ನಪ್ಪ ಮೋರಿಯ ದಂಡೆ ಹಿಡಿದು ಹಿಂದಕ್ಕೆ ಹೋದದ್ದನ್ನು ಜಾಳಿಗೆಯೊಳಗಿಂದ ನೋಡಿದೆ. ಗವಸಿನೊಳಗೆ ಮುಷ್ಟಿ ಬಿಗಿಯಲೂ ಬರಲಿಲ್ಲ, ಬೆರಳು ಅಷ್ಟು ಬಿಗಿಯಾಗಿ ಸಿಕ್ಕಿದ್ದವು.

ಮರಿ ಕೊಡುವಾಗ ಅಪ್ಪ ಹೇಳಬೇಕಾದ್ದೆಲ್ಲ ಹೇಳಿದ್ದ. "ಬಿಸಲಾಗ ಇಡಬ್ಯಾಡ್ರಿ. ಏನೂ ತಿನ್ನಸಬ್ಯಾಡ್ರಿ. ನಾಯಿ ಬಂದ್ರ ಹೊಡೀರಿ." ಇನ್ನೊಂದು ಮಾತು ಅವನು ಹೇಳಲಿಲ್ಲ. ಯಾಕೆಂದರೆ ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಬೆಂಕಿಯಲ್ಲಿ ಕೈ ಇಡಬೇಡ ಎಂದು ದೊಡ್ಡವರಿಗೆ ಹೇಳುತ್ತೇವೆಯೇ?

ದಿನವೆಲ್ಲ ಆ ಮರಿಗಳ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡೆ. ಕತ್ತಿಗೆ ಗುಲಾಬಿ ರಿಬ್ಬನ್ನು. ಮಬ್ಬು ಜಾಳಿಗೆಯಲ್ಲಿ ಅಷ್ಟೇ ಕಂಡದ್ದು. ತಲೆಯೊಳಗೆ ಅಂಟಿನ ವಾಸನೆ, ನನ್ನ ಬೆವರಿನ ವಾಸನೆ, ಬೇರೆ ಯಾವುದೂ ಒಳಗೆ ಬರುವುದಿಲ್ಲ. ಸಂಜೆ ಹಿಂದಿನ ಶೆಡ್ಡಿಗೆ ಹೋಗಿ ತಲೆ ತೆಗೆದು ಮರಿ ಎತ್ತಿಕೊಂಡೆ. ಮೂಗಿಗೆ ಹೊಡೆದದ್ದು ಮದುವೆ ಮನೆಯ ವಾಸನೆ. ಶಾಂಪೂ, ಅದರ ಮೇಲೆ ಅತ್ತರು. ಮರಿಯ ವಾಸನೆ ಎಲ್ಲೂ ಇಲ್ಲ. ಕಾಲಿನ ಸಂದಿ, ಬಾಲದ ಬುಡ, ಕಿವಿಯ ಹಿಂದೆ ಎಲ್ಲ ಮೂಸಿದೆ. ಇಲ್ಲ.

ಪಾರ್ಕಿನಲ್ಲಿ ಕಸ ಗುಡಿಸುವ ಹೆಂಗಸೊಬ್ಬಳಿದ್ದಳು, ಪೆದ್ದೆಮುಲ್ ಕಡೆಯವಳು. ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ನಾ ಬ್ಯಾಡಂದೆ ಅಕ್ಕಾ. ಹಾಲು ಕುಡ್ಯೋ ಮರಿಗಿ ತೊಳೀಬಾರದ್ರಿ ಅಂದೆ. ನಿನ್ನ ಕೆಲಸ ನೀ ಮಾಡು ಅಂದ ಸಾಹುಕಾರ. ಅತ್ತರ್ ತಾನೇ ಹೊಡದಾನ."

ಸಾಹುಕಾರನ ಕೋಣೆಗೆ ನುಗ್ಗಿದೆ. ಮರಿಗಳಿಗೆ ಅತ್ತರು ಯಾಕೆ ಹಾಕಿದಿರಿ ಎಂದು ಕೂಗಿದೆ.

"ಕುರಿ ವಾಸನಿ ಹೊಡಿಲತಿದ್ವು ಅಕ್ಕಾ. ಆ ಪಾರ್ಕಿನಾಗ ಬೀದಿಗಿ ಬಿಸ್ಕೀಟಿನ ವಾಸನಿ ಬಿಡ್ತಾರ ಮಷೀನ್ ಹಚ್ಚಿ. ಜನಕ್ಕ ಹಸಿವಿ ಆಗ್ಲಿ ಅಂತ. ಗೊತ್ತದ ಇಲ್ಲ ನಿಂಗ?"

"ಕುರಿ ಮರಿ ಕುರಿ ವಾಸನಿ ಹೊಡೀದೇ ಹುಲಿ ವಾಸನಿ ಹೊಡೀತದೇನ್ರಿ?"

ಅವನು ನಕ್ಕ. "ಜಳಕ ಮಾಡ್ಸಿದ್ರ ಯಾರರ ಸಾಯ್ತಾರೇನು? ಹೋಗು, ನಾಳಿ ಜಲ್ದಿ ತರಸು."

ಬಾಗಿಲನ್ನು ಧಡಾರನೆ ಹಾಕಿ ಹೊರಗೆ ಬಂದೆ.

ಮರಿಗಳನ್ನು ಎತ್ತಿಕೊಂಡು ಹಟ್ಟಿಗೆ ಹೋದಾಗ ಮಂದೆ ಆಗತಾನೇ ಬಂದಿತ್ತು. ತಾಯಿ ಕೂಗುತ್ತ ಓಡಿ ಬಂತು, ಮರಿಗಳೂ ಕೂಗಿದವು. ದನಿ ಗುರುತು ಹಿಡಿದೇ ಬಂತು ಅದು. ಹತ್ತಿರ ಬಂದು ಬಾಲದ ಬುಡ ಮೂಸಿತು. ಮೂಸಿ, ಹಿಂದೆ ಸರಿದು, ಹಣೆಯಿಂದ ಗುದ್ದಿ ಕೆಡವಿತು. ಗಂಡು ಮರಿ ಎದ್ದು ಮತ್ತೆ ಕೆಚ್ಚಲಿಗೆ ಬಾಯಿ ಹಾಕಿತು. ಮತ್ತೆ ಗುದ್ದಿತು. ಕುರಿ ತನ್ನ ಮರಿಯನ್ನು ಒಪ್ಪುವುದು ಮೂಗಿನಿಂದ. ದನಿ ಒಂದೇ ಇರಲಿ, ಬಣ್ಣ ಒಂದೇ ಇರಲಿ, ವಾಸನೆ ತಪ್ಪಿದರೆ ಅದು ಬೇರೆಯವರ ಮರಿ. ಅದಕ್ಕೇ ಎಳೆ ಮರಿಯನ್ನು ಸಾಬೂನಿನ ಕೈಯಲ್ಲಿ ಮುಟ್ಟಲು ಅವ್ವ ನಮ್ಮನ್ನು ಬಿಡುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಮರಿಗಳ ಹತ್ತಿರ ಸುಳಿದರೆ ಬೈಯುತ್ತಿದ್ದಳು.

ಅಪ್ಪ ಕೈಲಾದದ್ದೆಲ್ಲ ಮಾಡಿದ. ಹಟ್ಟಿಯ ಹಿಕ್ಕೆ, ಉಚ್ಚೆ ಬೆರೆತ ಮಣ್ಣಿನಲ್ಲಿ ಮರಿಗಳನ್ನು ಹೊರಳಿಸಿದ. ತಾಯಿಯ ಹಾಲನ್ನೇ ಹಿಂಡಿ ಬೆನ್ನಿಗೆ, ಬಾಲಕ್ಕೆ ಸವರಿದ. ಉಪ್ಪು ಉಜ್ಜಿದ, ನೆಕ್ಕಲಿ ಎಂದು. ತಾಯಿ ಒಮ್ಮೆ ನಾಲಿಗೆ ಚಾಚಿ, ಅತ್ತರು ಹತ್ತಿದ್ದೇ ತಲೆ ಕೊಡವಿತು. ಕೊನೆಗೆ ಅದರ ಕತ್ತನ್ನು ತೊಡೆಗಳ ನಡುವೆ ಒತ್ತಿ ಹಿಡಿದ, ನಾನು ಮರಿಗಳ ಬಾಯಿ ಮೊಲೆಗೆ ಹಚ್ಚಿದೆ. ಕುರಿ ಹಿಂಗಾಲು ಮಡಚಿ ಕೆಚ್ಚಲು ನೆಲಕ್ಕೆ ಒತ್ತಿ ಕೂತುಬಿಟ್ಟಿತು. ಹಿಂಡಿದ ಹಾಲನ್ನು ಬಟ್ಟೆಯಲ್ಲಿ ಅದ್ದಿ ಬಾಯಿಗಿಟ್ಟರೆ ಹೆಣ್ಣು ಮರಿ ಅಷ್ಟಿಷ್ಟು ಚೀಪಿತು. ಗಂಡು ಮರಿ ಚೀಪಲಿಲ್ಲ. ಗುದ್ದಿಸಿಕೊಂಡು ಗುದ್ದಿಸಿಕೊಂಡು ಅದಕ್ಕೆ ಬಾಯಿ ತೆರೆಯುವುದೇ ಬೇಡವಾಗಿತ್ತು. ಮರುದಿನ ಬಿಸಿಲೇರುವ ಹೊತ್ತಿಗೆ ಅಪ್ಪನ ಕಂಬಳಿಯ ಮೇಲೆ ಸತ್ತಿತು. ಆಗಲೂ ಅದರ ಮೈಯಿಂದ ಗುಲಾಬಿ ಹೂವಿನ ವಾಸನೆ ಬರುತ್ತಿತ್ತು.

ನಾನು ಅತ್ತೆ, ಬೈದೆ, ಆ ಸಾಹುಕಾರನ ಏಳು ತಲೆಮಾರನ್ನು ಎಳೆದು ತಂದೆ. ಅಪ್ಪ ಬೈಯಲಿಲ್ಲ. "ನಂದೇ ತಪ್ಪದ ಯವ್ವಾ. ತೊಳೀಬ್ಯಾಡ್ರಿ ಅಂತ ಹೇಳಬೇಕಿತ್ತು ನಾ," ಎಂದ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಈ ಮಾತಿಗೆ. ತೊಳೆದವನು ನಗುತ್ತ ಕೂತಿದ್ದಾನೆ, ಮರಿ ಕಳೆದುಕೊಂಡವನು ತಪ್ಪು ಹೊತ್ತುಕೊಳ್ಳುತ್ತಿದ್ದಾನೆ. ನಮ್ಮವರ ಬೆನ್ನು ಯಾಕೆ ಇಷ್ಟು ಅಗಲವೋ, ಯಾರು ಏನು ಎಸೆದರೂ ಅಲ್ಲೇ ಬಂದು ಕೂರುತ್ತದೆ.

ಕೆಲಸಕ್ಕೆ ಹೋಗಲಿಲ್ಲ. ಹಟ್ಟಿಯಲ್ಲೇ ಕೂತು ಮೊಬೈಲಿನಲ್ಲಿ ಆ ಕಂಪನಿಯ ಸಂಗತಿಗಳನ್ನು ನಾನೇ ಹುಡುಕಿದೆ, ಶತ್ರುವಿನ ಮನೆಯ ಗುಟ್ಟು ಹುಡುಕುವ ಹಟದಿಂದ. ಸಾಹುಕಾರ ಎಂದೂ ಹೇಳದ ಒಂದು ಸಿಕ್ಕಿತು. ಹಳೆಯ ಕಾಲದಲ್ಲಿ ಗಂಡಸರು ಬರೆದ ಚಿತ್ರಗಳನ್ನು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಿ, ಬಣ್ಣ ತುಂಬುತ್ತಿದ್ದವರು ಹೆಣ್ಣುಮಕ್ಕಳು. ಕೂದಲೆಳೆಯಂಥ ಗೆರೆ, ಕೈ ಅಲುಗಬಾರದು. ಪರದೆಯ ಮೇಲೆ ಅವರ ಹೆಸರು ಬರುತ್ತಿದ್ದದ್ದು ಅಪರೂಪ. ಮೊದಮೊದಲು ಕೆಲಸ ಮುಗಿದ ಹಾಳೆಗಳನ್ನು ತೊಳೆದು ಮತ್ತೆ ಬಳಸುತ್ತಿದ್ದರಂತೆ. ಅವರು ಬರೆದದ್ದೆಲ್ಲ ನೀರಿನ ಜೊತೆ ಹೋಯಿತು. ಓದಿ ಮೊಬೈಲನ್ನು ಕಂಬಳಿಯ ಮೇಲೆ ಎಸೆದೆ. ದೂರದ ಆ ಕಂಪನಿಯ ಮೇಲೆ ಇದ್ದ ಸಿಟ್ಟಿನಲ್ಲಿ ಆ ಹೆಂಗಸರ ಪಾಲನ್ನಷ್ಟು ತೆಗೆದಿಟ್ಟೆ. ಅದರಿಂದ ಸಾಹುಕಾರನ ಪಾಲು ಹೆಚ್ಚಾಯಿತು.

ಅಷ್ಟರಲ್ಲಿ ಮಂದೆಯ ಇನ್ನೊಂದು ಕುರಿ ಈಯಿತು. ಹುಟ್ಟುವಾಗಲೇ ಸತ್ತ ಮರಿ. ತಾಯಿ ಅದನ್ನು ನೆಕ್ಕುತ್ತ, ಕಾಲಿನಿಂದ ಎಬ್ಬಿಸುತ್ತ ನಿಂತಿತ್ತು. ಅಪ್ಪ ತಡಮಾಡಲಿಲ್ಲ. ಸತ್ತ ಮರಿಯನ್ನು ಕಂಟಿಯ ಮರೆಗೆ ಒಯ್ದು ಚರ್ಮ ಸುಲಿದ. ಬಾಲ ಹಾಗೇ ಬಿಟ್ಟು, ಕಾಲಿನ ಜಾಗದಲ್ಲಿ ತೂತು ಮಾಡಿದ. ನಮ್ಮವರಿಗೆ ಗೊತ್ತಿರುವ ಕೊನೆಯ ಉಪಾಯ ಇದು. ಉಳಿದ ಹೆಣ್ಣು ಮರಿಗೆ ಆ ಹಸಿ ಚರ್ಮವನ್ನು ಅಂಗಿಯ ಹಾಗೆ ತೊಡಿಸಿ, ಹೊಟ್ಟೆಯ ಕೆಳಗೆ ದಾರದಿಂದ ಕಟ್ಟಿ, ಆ ಸತ್ತ ಮರಿಯ ತಾಯಿಯ ಮುಂದೆ ಬಿಟ್ಟ.

ಕುರಿ ಬಾಲದ ಬುಡ ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಹೊಟ್ಟೆಯೊಳಗಿನಿಂದ ಗುರುಗುಟ್ಟಿ, ಬೆನ್ನು ನೆಕ್ಕಿ, ಕಾಲಗಲಿಸಿ ನಿಂತಿತು. ಮರಿ ಕೆಚ್ಚಲಿಗೆ ನುಗ್ಗಿತು. ಅದರ ಬಾಲ ಮೇಲಿನ ಸತ್ತ ಬಾಲದ ಕೆಳಗೆ ಪಟಪಟ ಅಲ್ಲಾಡುತ್ತಿತ್ತು. ಅಪ್ಪ ಆಗ ಅತ್ತ. ಕುರಿಗಳಿಗೆ ಕಾಣಬಾರದೆಂಬಂತೆ ಆ ಕಡೆ ತಿರುಗಿ ಕೂತು ಅತ್ತ.

ಹಾಲು ಕುಡಿಯುವ ಮರಿಯ ಫೋಟೋ ತೆಗೆದು ನನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಒಂದಕ್ಷರವೂ ಬರೆಯಲಿಲ್ಲ. ಸಂಜೆ ಸಾಹುಕಾರನ ಫೋನು ಬಂತು. ಒಂದು ಮರಿ ಸತ್ತ ಸುದ್ದಿ ಅವನಿಗೆ ಗೊತ್ತಿತ್ತು. ಪೆದ್ದೆಮುಲ್‌ನ ಹೆಂಗಸು ಮುಖದ ಮೇಲೆಯೇ ಹೇಳಿದ್ದಳಂತೆ. ಆ ಮಾತು ಎತ್ತುತ್ತಾನೆ ಎಂದುಕೊಂಡೆ. ಎತ್ತಲಿಲ್ಲ.

"ಅಕ್ಕಾ, ಆ ಕೋಟ್ ಹಾಕ್ಕೊಂಡ ಮರಿ ಭಾರಿ ಛಂದ ಅದ! ನೀ ಹೊಲದೇನು? ನಾಳಿ ಅದನ್ನೇ ತಗೊಂಬಾ. ವೇಷ ಹಾಕಿದ ಮರಿ ಅಂತ ಬೋರ್ಡ್ ಹಚ್ಚಮು."

"ಅದು ಕೋಟ್ ಅಲ್ರಿ. ಸತ್ತ ಮರಿ ಚರ್ಮ."

ಅತ್ತ ಕಡೆ ಲಾರಿಗಳ ಸದ್ದಷ್ಟೇ ಕೇಳುತ್ತಿತ್ತು. ಈಗಲಾದರೂ ನಾಚಿದ ಎಂದುಕೊಂಡೆ. ಒಂದು ಗಳಿಗೆ ಹಾಗೆಯೇ ನಂಬಿದೆ.

"ವಾಸನಿ ಬರತದೇನು?" ಎಂದು ಕೇಳಿದ.

"ಬರತದ್ರಿ," ಎಂದೆ. "ಆ ವಾಸನಿಗೇ ಇದು ಬದಕ್ಯಾದ. ನಿಮ್ಮ ವಾಸನಿಗಿ ಇದರ ಜೋಡಿ ಸತ್ತದ."